ಹೂಡಿಕೆ ವಿಶ್ಲೇಷಕರ ಎರಡು ದಾರಿಗಳು: ವೇತನ ಮತ್ತು ಬಡ್ತಿಯ ಒಂದು ತುಲನೆ

ಕೊಂಢವಾದ ಎನ್.ಐ.ಬಿ.ಎಂ. ರಸ್ತೆಗೆ ಆ ಹೆಸರು ಬಂದದ್ದು 1969ರಲ್ಲಿ ರಿಸರ್ವ್ ಬ್ಯಾಂಕು ಸ್ಥಾಪಿಸಿದ ರಾಷ್ಟ್ರೀಯ ಬ್ಯಾಂಕ್ ನಿರ್ವಹಣಾ ಸಂಸ್ಥೆಯಿಂದ. ನಮ್ಮ ತಲೆಮಾರಿನವರಿಗೆ ಹಣಕಾಸು ಕ್ಷೇತ್ರದ ಉದ್ಯೋಗವೆಂದರೆ ಬ್ಯಾಂಕಿನ ಉದ್ಯೋಗವೇ ಆಗಿತ್ತು. ಅಲ್ಲಿ ವೇತನಶ್ರೇಣಿಯನ್ನು ಭಾರತೀಯ ಬ್ಯಾಂಕುಗಳ ಸಂಘ ಮತ್ತು ನೌಕರರ ಸಂಘಟನೆಗಳ ನಡುವಿನ ಒಪ್ಪಂದವು ನಿರ್ಧರಿಸುತ್ತದೆ; ಬಡ್ತಿಯ ಮೆಟ್ಟಿಲುಗಳು ಎಲ್ಲರಿಗೂ ಗೊತ್ತು. ಇಂದು ನಮ್ಮ ಮನೆಗಳ ಮಕ್ಕಳು ಎಂ.ಬಿ.ಎ., ಸಿ.ಎ. ಅಥವಾ ಸಿ.ಎಫ್.ಎ. ಓದಿ 'ಅನಲಿಸ್ಟ್' ಹುದ್ದೆಯನ್ನು ಅರಸುತ್ತಿದ್ದಾರೆ. ಈ ಒಂದೇ ಹೆಸರಿನಡಿ ಬೇರೆ ಬೇರೆ ವೃತ್ತಿಗಳಿವೆ. ಅವುಗಳ ವ್ಯತ್ಯಾಸವನ್ನು ಪಾಲಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಎರಡು ಪಕ್ಷಗಳು

ಜನರ ಹಣವನ್ನು ಪಡೆದು ಷೇರು ಮತ್ತು ಸಾಲಪತ್ರಗಳಲ್ಲಿ ತೊಡಗಿಸುವ ಮ್ಯೂಚುವಲ್ ಫಂಡ್, ವಿಮಾ ಕಂಪನಿ, ಪಿಂಚಣಿ ನಿಧಿಗಳು 'ಬೈ-ಸೈಡ್', ಅಂದರೆ ಕೊಳ್ಳುವ ಪಕ್ಷ. ಇವರಿಗೆ ವರದಿಗಳನ್ನೂ ಸಲಹೆಯನ್ನೂ ಒದಗಿಸಿ ವ್ಯವಹಾರದ ದಲ್ಲಾಳಿ ಪಡೆಯುವ ಬ್ರೋಕರೇಜ್ ಸಂಸ್ಥೆಗಳು 'ಸೆಲ್-ಸೈಡ್', ಅಂದರೆ ಮಾರುವ ಪಕ್ಷ. ಅಮ್ಮೆಂಬಳ ಸುಬ್ಬರಾವ್ ಪೈಯವರು 1906ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕೆನರಾ ಬ್ಯಾಂಕಿನ ಬಳಗದಲ್ಲೇ ಎರಡೂ ಇವೆ: ಕೆನರಾ ರೊಬೆಕೊ ಮ್ಯೂಚುವಲ್ ಫಂಡ್ ಮೊದಲನೆಯ ಬಗೆ, ಕೆನರಾ ಬ್ಯಾಂಕ್ ಸೆಕ್ಯುರಿಟೀಸ್ ಎರಡನೆಯ ಬಗೆ.

ಸೆಲ್-ಸೈಡ್: ವೇತನ ಮತ್ತು ಬಡ್ತಿ

ಇಲ್ಲಿನ ವಿಶ್ಲೇಷಕರು ಸಾಮಾನ್ಯವಾಗಿ ಒಂದು ಉದ್ಯಮದ ಹಲವು ಕಂಪನಿಗಳನ್ನು ಅನುಸರಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಫಲಿತಾಂಶಗಳು ಬರುವ ವಾರಗಳಲ್ಲಿ ಹಗಲಿರುಳು ದುಡಿಮೆ. ಸಹಾಯಕ, ಮುಖ್ಯ ವಿಶ್ಲೇಷಕ, ಸಂಶೋಧನಾ ವಿಭಾಗದ ಮುಖ್ಯಸ್ಥ, ಇದು ಏರುವ ಕ್ರಮ. ವರದಿಯ ಮೇಲೆ ಹೆಸರು ಅಚ್ಚಾಗುವುದರಿಂದ ಪರಿಚಯ ಬೇಗ ಬೆಳೆಯುತ್ತದೆ. ಸಂಬಳಕ್ಕೆ ಸೇರುವ ಬೋನಸ್ಸು ಮಾತ್ರ ಗ್ರಾಹಕ ಸಂಸ್ಥೆಗಳ ಮೆಚ್ಚುಗೆ ಮತ್ತು ದಲ್ಲಾಳಿಯ ಆದಾಯವನ್ನು ಅವಲಂಬಿಸಿದೆ. ಮಾರುಕಟ್ಟೆ ಕುಸಿದ ವರ್ಷ ಅದೂ ಕುಸಿಯುತ್ತದೆ. ಮ್ಯೂಚುವಲ್ ಫಂಡುಗಳು ನಗದು ಮಾರುಕಟ್ಟೆಯಲ್ಲಿ ತೆರಬಹುದಾಗಿದ್ದ ಶೇ. 0.12ರ ದಲ್ಲಾಳಿ ಮಿತಿಯನ್ನು ತಗ್ಗಿಸಲು ಸೆಬಿ 2025ರ ಡಿಸೆಂಬರಿನಲ್ಲಿ ನಿರ್ಧರಿಸಿತು. ಈ ಪಕ್ಷದ ಆದಾಯದ ಮೇಲೆ ಅದರ ಒತ್ತಡ ಸಹಜ.

ಬೋನಸ್ಸಿನ ಆಸೆ ಸತ್ಯವನ್ನು ಮರೆಮಾಡಬಾರದೆಂಬ ಪಾಠವನ್ನು ಅಮೆರಿಕ ಕಲಿಸಿತು. ಪಕ್ಷಪಾತದ ವರದಿಗಳಿಗಾಗಿ 2003ರಲ್ಲಿ ಅಲ್ಲಿನ 10 ದೊಡ್ಡ ಸಂಸ್ಥೆಗಳು ಸುಮಾರು 140 ಕೋಟಿ ಡಾಲರ್ ತೆರಲು ಒಪ್ಪಿದವು. ನಮ್ಮಲ್ಲಿ ಸೆಬಿಯ 2014ರ ಸಂಶೋಧನಾ ವಿಶ್ಲೇಷಕರ ನಿಯಮಾವಳಿಯು, ನಿರ್ದಿಷ್ಟ ಮರ್ಚೆಂಟ್ ಬ್ಯಾಂಕಿಂಗ್ ಅಥವಾ ದಲ್ಲಾಳಿ ವ್ಯವಹಾರವನ್ನು ನೋಡಿ ವಿಶ್ಲೇಷಕರ ಸಂಭಾವನೆ ನಿರ್ಧರಿಸುವುದನ್ನು ನಿಷೇಧಿಸಿತು. ಇಂಥ ವರದಿಗಳನ್ನು ಸಿದ್ಧಪಡಿಸುವವರು ಎನ್.ಐ.ಎಸ್.ಎಂ. ಸಂಸ್ಥೆಯ 15ನೆಯ ಸರಣಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಬೈ-ಸೈಡ್: ವೇತನ ಮತ್ತು ಬಡ್ತಿ

ಇಲ್ಲಿ ವರದಿ ಹೊರಗೆ ಹೋಗದು. ಸಂಸ್ಥೆಯ ಹೂಡಿಕೆಗೆ ಮಾತ್ರ ಅದು ಆಧಾರ. ವಿಶ್ಲೇಷಕನಿಂದ ನಿಧಿ ನಿರ್ವಾಹಕ, ಮುಂದೆ ಮುಖ್ಯ ಹೂಡಿಕೆ ಅಧಿಕಾರಿ, ಹೀಗೆ ದಾರಿ ಸಾಗುತ್ತದೆ. ಹುದ್ದೆಗಳು ಕಡಿಮೆ, ಬಡ್ತಿ ನಿಧಾನ. ಬೋನಸ್ಸು ನಿಧಿಯ ಹಲವು ವರ್ಷಗಳ ಸಾಧನೆಗೆ ಹೊಂದಿಕೊಂಡಿರುತ್ತದೆ. ಆರಂಭದ ಸಂಬಳದಲ್ಲಿ ಎರಡೂ ಪಕ್ಷಗಳಿಗೆ ಹೆಚ್ಚಿನ ಅಂತರವಿರದಿದ್ದರೂ ಉನ್ನತ ಹಂತದಲ್ಲಿ ಸಾಮಾನ್ಯವಾಗಿ ಈ ಪಕ್ಷದ್ದೇ ಮೇಲುಗೈ. ವರ್ಷಕ್ಕೆ 1 ಕೋಟಿ 2 ಲಕ್ಷ ರೂಪಾಯಿಗೂ ಮೀರಿ ಗಳಿಸುವ ನೌಕರರ ಸಂಭಾವನೆಯನ್ನು ಫಂಡ್ ಸಂಸ್ಥೆಗಳು ಪ್ರಕಟಿಸಬೇಕೆಂದು ಸೆಬಿ 2016ರಲ್ಲಿ ವಿಧಿಸಿತು. 2021ರಲ್ಲಿ ಪ್ರಮುಖ ನೌಕರರ ಸಂಬಳದ ಶೇ. 20 ಭಾಗವನ್ನು ಅವರದೇ ಯೋಜನೆಗಳಲ್ಲಿ 3 ವರ್ಷ ತೊಡಗಿಸುವಂತೆ ಮಾಡಿತು; 2025ರಲ್ಲಿ ಈ ನಿಯಮವನ್ನು ಸಂಬಳದ ಮಟ್ಟಕ್ಕೆ ತಕ್ಕಂತೆ ಸಡಿಲಿಸಿತು. ಹೀಗಾಗಿ ಕಾಗದದ ಮೇಲಿನ ಸಂಬಳವೆಲ್ಲ ಕೂಡಲೇ ಕೈಗೆ ಬಾರದು.

ಅನೇಕರು ಮೊದಲು ಸೆಲ್-ಸೈಡಿನಲ್ಲಿ ಕೆಲವು ವರ್ಷ ಪಳಗಿ ಬಳಿಕ ಬೈ-ಸೈಡಿಗೆ ಸೇರುತ್ತಾರೆ. ಹಿಮ್ಮುಖ ಪಯಣ ಅಪರೂಪ.

ಪುಣೆಯ ಮಾತು

ಎರಡೂ ಪಕ್ಷಗಳ ಹೆಚ್ಚಿನ ಹುದ್ದೆಗಳು ಇಂದಿಗೂ ಮುಂಬಯಿಯಲ್ಲಿವೆ. ಪುಣೆ ಷೇರು ವಿನಿಮಯ ಕೇಂದ್ರವೂ 2015ರಲ್ಲಿ ನಿರ್ಗಮಿಸಿತು. 2023ರಲ್ಲಿ ಕಾರ್ಯಾರಂಭ ಮಾಡಿದ ಬಜಾಜ್ ಫಿನ್‌ಸರ್ವ್ ಮ್ಯೂಚುವಲ್ ಫಂಡ್ ಪುಣೆಯನ್ನೇ ಕೇಂದ್ರವಾಗಿಸಿಕೊಂಡಿರುವುದು ವಿಶೇಷ. ಆದರೆ ನಮ್ಮ ನಗರದಲ್ಲಿ 'ಅನಲಿಸ್ಟ್' ಎಂದು ಸಿಗುವ ಕೆಲಸಗಳಲ್ಲಿ ಗಣನೀಯ ಪಾಲು ಮೂರನೆಯ ಬಗೆಯದು: ಪರದೇಶದ ವಿಶ್ಲೇಷಕರಿಗೆ ಲೆಕ್ಕಾಚಾರ ಸಿದ್ಧಪಡಿಸಿಕೊಡುವ ನೆರವಿನ ಕೆಲಸ. ಸಂಬಳ ಸಕಾಲಕ್ಕೆ ಬರುತ್ತದೆ, ಮನೆಯೂ ಹತ್ತಿರ. ಆದರೆ ಷೇರನ್ನು ಕೊಳ್ಳಬೇಕೆ ಮಾರಬೇಕೆ ಎಂಬ ತೀರ್ಮಾನ ಬೇರೆಯವರದು; ಆ ತೀರ್ಮಾನದ ಬೋನಸ್ಸೂ ಬೇರೆಯವರದೇ.

ಆದ್ದರಿಂದ ನೇಮಕಪತ್ರ ಕೈಸೇರಿದಾಗ ವಾರ್ಷಿಕ ಮೊತ್ತವೊಂದನ್ನೇ ನೋಡದೆ ಮೂರು ಪ್ರಶ್ನೆ ಕೇಳುವುದು ಒಳಿತು. ವರದಿಯ ಮೇಲೆ ಯಾರ ಹೆಸರಿರುತ್ತದೆ? ಬೋನಸ್ಸನ್ನು ಯಾವುದರ ಮೇಲೆ ಅಳೆಯುತ್ತಾರೆ? ಐದು ವರ್ಷದ ಹಿಂದೆ ಸೇರಿದವರು ಈಗ ಎಲ್ಲಿದ್ದಾರೆ? ಮಕ್ಕಳು ಈ ಉತ್ತರಗಳನ್ನು ತಿಳಿದು ಆರಿಸಿಕೊಂಡ ದಾರಿ ಯಾವುದೇ ಇರಲಿ, ಪಾಲಕರು ಅದನ್ನು ನೆಮ್ಮದಿಯಿಂದ ಒಪ್ಪಬಹುದು.