ಸಂಶೋಧನಾ ದತ್ತಾಂಶ ನಿರ್ವಹಣೆ

ಸಂಶೋಧನಾ ದತ್ತಾಂಶ ನಿರ್ವಹಣೆ ಎಂದರೆ ಸಂಶೋಧನೆಯೊಂದರಲ್ಲಿ ದೊರೆಯುವ ಅಳತೆ, ಸಂದರ್ಶನ, ಧ್ವನಿಮುದ್ರಣ, ಛಾಯಾಚಿತ್ರ ಮುಂತಾದ ಮೂಲ ಸಾಮಗ್ರಿಯನ್ನು ಆರಂಭದಿಂದಲೇ ಕ್ರಮಬದ್ಧವಾಗಿ ಸಂಗ್ರಹಿಸಿ, ವಿವರಿಸಿ, ಕಾಪಾಡುವ ಕಾರ್ಯ. ಪ್ರಬಂಧದ ತೀರ್ಮಾನಗಳನ್ನು ಇತರರು ಪರೀಕ್ಷಿಸಲು ಈ ಸಾಮಗ್ರಿಯೇ ಆಧಾರ. ಇದನ್ನು ಪ್ರಬಂಧ ಮುಗಿದ ಮೇಲಿನ ಕಡತ ಜೋಡಣೆಯೆಂದು ಭಾವಿಸುವವರು ಹಲವರು. ಆದರೆ ಆ ವೇಳೆಗೆ ಅನೇಕ ವಿವರಗಳು ಕೈತಪ್ಪಿಹೋಗಿರುತ್ತವೆ.

ಸಂಗ್ರಹ ಮತ್ತು ವಿವರಣೆ

ಯಾವ ಸಾಮಗ್ರಿ ಬೇಕು, ಅದು ಯಾರ ಹೊಣೆ, ಕಡತಗಳಿಗೆ ಹೆಸರಿಡುವ ಕ್ರಮವೇನು, ಮಾಹಿತಿ ನೀಡಿದವರ ಒಪ್ಪಿಗೆ ಎಷ್ಟರ ಮಟ್ಟಿನದು ಎಂಬುದನ್ನು ಮೊದಲೇ ಬರೆದಿಡಲಾಗುತ್ತದೆ. ಜಾನಪದ ಗೀತೆಯ ಧ್ವನಿಮುದ್ರಣವಿದ್ದು ಹಾಡಿದವರ ಹೆಸರು, ಊರು, ದಿನಾಂಕಗಳಿಲ್ಲದಿದ್ದರೆ ಅದು ಕೇಳಲು ಇಂಪಾಗಿರಬಹುದು, ಅಧ್ಯಯನಕ್ಕೆ ಮಾತ್ರ ಅರ್ಧ ನಿರುಪಯುಕ್ತ. ದತ್ತಾಂಶದ ಕುರಿತಾದ ಇಂತಹ ವಿವರಗಳಿಗೆ ಮೆಟಾಡೇಟಾ ಎಂದು ಹೆಸರು.

ಗಣಕಯಂತ್ರದಲ್ಲಿ ದಾಖಲಿಸುವಾಗಲೂ ದೋಷಗಳು ನುಸುಳುತ್ತವೆ. ಮಾರ್ಚ್1, ಸೆಪ್ಟ್2 ಎಂಬ ಸಂಕೇತಗಳುಳ್ಳ ವಂಶವಾಹಿಗಳನ್ನು ಎಕ್ಸೆಲ್ ತಂತ್ರಾಂಶವು ದಿನಾಂಕಗಳೆಂದು ತಿಳಿದು ಬದಲಿಸುತ್ತಿತ್ತು. ಎಕ್ಸೆಲ್ ಪಟ್ಟಿಗಳನ್ನು ಲಗತ್ತಿಸಿದ್ದ ತಳಿವಿಜ್ಞಾನದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಈ ಬಗೆಯ ದೋಷವಿರುವುದನ್ನು 2016ರ ಒಂದು ಅಧ್ಯಯನ ತೋರಿಸಿತು. 2020ರಲ್ಲಿ ವಂಶವಾಹಿಗಳ ಹೆಸರುಗಳನ್ನೇ ಬದಲಿಸಿದ ಸುದ್ದಿ ಪ್ರಕಟವಾಯಿತು. ಸಂಸ್ಕರಿಸದ ಮೂಲ ಕಡತವನ್ನು ತಿದ್ದದೆ ಪ್ರತ್ಯೇಕವಾಗಿ ಇಡಬೇಕೆನ್ನುವುದು ಇದೇ ಕಾರಣಕ್ಕೆ.

ಸಂರಕ್ಷಣೆ

ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ರೂಢಿಯಲ್ಲಿರುವ ನಿಯಮ. ದೊಡ್ಡ ಸಂಸ್ಥೆಗಳೂ ಇಲ್ಲಿ ಎಡವಿವೆ. 1969ರ ಅಪೋಲೋ 11 ಯಾನದಲ್ಲಿ ಚಂದ್ರನಿಂದ ಬಂದ ಮೂಲ ದೃಶ್ಯಸಂಕೇತಗಳ ಟೇಪುಗಳು ಅಳಿಸಲ್ಪಟ್ಟು ಮರುಬಳಕೆಯಾಗಿರಬೇಕೆಂದು ನಾಸಾ 2009ರಲ್ಲಿ ತಿಳಿಸಿತು. ಉಳಿದದ್ದು ಸ್ಪಷ್ಟತೆ ಕಡಿಮೆಯಿದ್ದ ಪ್ರಸಾರದ ಪ್ರತಿಗಳು. 2 ರಿಂದ 22 ವರ್ಷ ಹಳೆಯದಾದ 516 ಜೀವವಿಜ್ಞಾನ ಪ್ರಬಂಧಗಳ ದತ್ತಾಂಶವನ್ನು ಹುಡುಕಿದ ಮತ್ತೊಂದು ಅಧ್ಯಯನವು, ಅದು ಉಳಿದಿರುವ ಸಂಭವ ವರ್ಷಕ್ಕೆ ಶೇ. 17ರಷ್ಟು ಕುಗ್ಗುವುದನ್ನು ಕಂಡುಕೊಂಡಿತು. ಲೇಖಕರ ಮಿಂಚಂಚೆ ವಿಳಾಸಗಳೂ ಕಾಲಕ್ರಮದಲ್ಲಿ ನಿರುಪಯುಕ್ತವಾಗಿದ್ದವು.

ಹಂಚಿಕೆ

2016ರಲ್ಲಿ ಪ್ರಕಟವಾದ ಫೇರ್ ತತ್ತ್ವಗಳ ಪ್ರಕಾರ ದತ್ತಾಂಶವು ಹುಡುಕಿದರೆ ಸಿಗುವಂತೆ, ತಲುಪಬಹುದಾದಂತೆ, ಇತರ ದತ್ತಾಂಶದೊಡನೆ ಹೊಂದುವಂತೆ ಮತ್ತು ಮರುಬಳಕೆಗೆ ಒದಗುವಂತೆ ಇರಬೇಕು. ಭಾರತ ಸರ್ಕಾರವು ಸಾರ್ವಜನಿಕ ಹಣದಿಂದ ರೂಪುಗೊಂಡ ದತ್ತಾಂಶದ ಹಂಚಿಕೆಗಾಗಿ 2012ರಲ್ಲಿ ರಾಷ್ಟ್ರೀಯ ನೀತಿಯೊಂದನ್ನು ಪ್ರಕಟಿಸಿತು. ವ್ಯಕ್ತಿಗಳ ಗುರುತು ಬಯಲಾಗುವ ಸಾಮಗ್ರಿಗೆ ಮುಕ್ತ ಹಂಚಿಕೆ ಸಲ್ಲದು.

ದತ್ತಾಂಶಕ್ಕೆ ಸ್ಥಿರವಾದ ಗುರುತುಸಂಖ್ಯೆ ನೀಡುವ ಪದ್ಧತಿ ಗಣಕಯುಗಕ್ಕಿಂತ ಹಳೆಯದು. ಬಿ. ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಗಳನ್ನು ಕೊಡಲಾಗಿದ್ದು, ಇತಿಹಾಸಕಾರರು ಶಾಸನಗಳನ್ನು ಉಲ್ಲೇಖಿಸಲು ಆ ಸಂಖ್ಯೆಗಳನ್ನು ಬಳಸುತ್ತ ಬಂದಿದ್ದಾರೆ.