ನಾವೊಬ್ಬರು ದೂರು ಕೊಟ್ಟರೆ ಏನಾಗುತ್ತದೆ? ಫಾರ್ವರ್ಡ್‌ಗಿಂತ ಬಿಲ್ಲಿಗೆ ಯಾಕೆ ಬಲ ಹೆಚ್ಚು?

"ಈ ಹೋಟೆಲ್‌ನಲ್ಲಿ ತಿನ್ನಬೇಡಿ, ಈ ಕಂಪನಿಯ ಮಾಲು ಮುಟ್ಟಬೇಡಿ, ಕೂಡಲೇ ಹತ್ತು ಗ್ರೂಪ್‌ಗೆ ಕಳಿಸಿ" ಎನ್ನುವ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರುತ್ತದೆ. ಅದೇ ಗ್ರೂಪ್‌ನಲ್ಲಿ "ನಾವೊಬ್ಬರು ಹೇಳಿದರೆ ಯಾರು ಕೇಳ್ತಾರೆ ಬಿಡಿ" ಎನ್ನುವವರೂ ಇರುತ್ತಾರೆ. ಈ ಎರಡು ಮಾತುಗಳಲ್ಲಿ ಎಷ್ಟು ನಿಜ? ತುಮಕೂರು, ಗುಬ್ಬಿ, ಕುಣಿಗಲ್‌ನ ಸಾಮಾನ್ಯ ಗ್ರಾಹಕರು ಒಂದು ವ್ಯಾಪಾರವನ್ನು ನಿಜವಾಗಿ ಬದಲಾಯಿಸಬಲ್ಲರೇ? ನೋಡೋಣ.

ಚುಟುಕಾಗಿ ಹೇಳುವುದಾದರೆ

• ಒಬ್ಬ ಗ್ರಾಹಕನ ದೂರಿಗೂ ಬೆಲೆ ಇದೆ. ಆದರೆ ಅದು ದಾಖಲಾಗಬೇಕು.
• ಬರೀ ಫಾರ್ವರ್ಡ್‌ನಿಂದ ತಪ್ಪು ಮಾಡಿದವರಿಗೆ ನೋಟಿಸ್ ಹೋಗುವುದಿಲ್ಲ. ತಪ್ಪು ಮಾಡದವರ ವ್ಯಾಪಾರ ಮಾತ್ರ ಕೆಡಬಹುದು.
• ಬಹಿಷ್ಕಾರ ಕೆಲಸ ಮಾಡುತ್ತದೆ, ಆದರೆ ಎಲ್ಲ ಸಲವೂ ಅಲ್ಲ.

ಇಡ್ಲಿ ಪಾತ್ರೆಯೊಳಗಿನ ಪ್ಲಾಸ್ಟಿಕ್

ತುಮಕೂರಿನ ಕ್ಯಾತ್ಸಂದ್ರ ಎಂದರೆ ತಟ್ಟೆ ಇಡ್ಲಿ ನೆನಪಾಗುತ್ತದೆ. ಹಾಗಾಗಿ ಇಡ್ಲಿಯಿಂದಲೇ ಶುರು ಮಾಡೋಣ. ಇಡ್ಲಿ ಬೇಯಿಸುವಾಗ ಅಡಿಗೆ ಒದ್ದೆ ಬಟ್ಟೆ ಹಾಕುವುದು ಹಳೆಯ ರೂಢಿ. ಬಟ್ಟೆಯನ್ನು ದಿನವೂ ಒಗೆಯಬೇಕು, ಒಣಗಿಸಬೇಕು. ಆ ಕೆಲಸ ತಪ್ಪಿಸಲು ಕೆಲವು ಹೋಟೆಲ್‌ಗಳು ತೆಳು ಪ್ಲಾಸ್ಟಿಕ್ ಹಾಳೆ ಹಾಕತೊಡಗಿದವು. ಬಿಸಿ ಹಬೆ ತಾಗಿದಾಗ ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದು. ಒಂದು ಇಡ್ಲಿ ತಿಂದ ಕೂಡಲೇ ರೋಗ ಬರುತ್ತದೆ ಎಂದು ಇದರ ಅರ್ಥವಲ್ಲ. ದಿನವೂ ತಿನ್ನುವ ತಿಂಡಿಯಲ್ಲಿ ಇದು ಇರಬಾರದು, ಅಷ್ಟೇ.

ಈ ಬಗ್ಗೆ ಮಾಹಿತಿ ಬಂದ ಮೇಲೆ ಆಹಾರ ಸುರಕ್ಷತಾ ಅಧಿಕಾರಿಗಳು ರಾಜ್ಯದ 251 ಕಡೆ ಪರಿಶೀಲಿಸಿದರು. 52 ಕಡೆ ಪ್ಲಾಸ್ಟಿಕ್ ಬಳಕೆ ಕಂಡುಬಂತು ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರ ಫೆಬ್ರವರಿಯಲ್ಲಿ ತಿಳಿಸಿದರು. ಇಡ್ಲಿ ತಯಾರಿಕೆಯಲ್ಲಿ ಪ್ಲಾಸ್ಟಿಕ್ ಬಳಸಬಾರದು ಎಂದು ಸರ್ಕಾರ ಹೇಳಿತು.

ಇಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಕಂಡದ್ದನ್ನು ಯಾರಾದರೂ ಇಲಾಖೆಗೆ ಹೇಳಿದರೆ ತಪಾಸಣೆ ನಡೆಯುತ್ತದೆ. ಎರಡನೆಯದು, 251ರಲ್ಲಿ 199 ಕಡೆ ಪ್ಲಾಸ್ಟಿಕ್ ಕಂಡುಬಂದಿಲ್ಲ. "ಹೋಟೆಲ್ ಇಡ್ಲಿಯೆಲ್ಲ ವಿಷ" ಎಂಬ ಸಂದೇಶ ಕಳಿಸಿದರೆ, ದಿನಾ ಬಟ್ಟೆ ಒಗೆದು ಹಾಕುವ ಹೋಟೆಲಿನವರಿಗೂ ಅದೇ ಏಟು ಬೀಳುತ್ತದೆ.

ಗೋಬಿ ಮಂಚೂರಿ ಬ್ಯಾನ್ ಆಗಿದೆಯೇ?

ಇಲ್ಲ. ಇದು ಈಗಲೂ ಓಡಾಡುತ್ತಿರುವ ತಪ್ಪು ಸಂದೇಶ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ನಿಷೇಧಿಸಿದ್ದು ಗೋಬಿಯನ್ನಲ್ಲ, ಅದಕ್ಕೆ ಹಾಕುವ ಕೃತಕ ಬಣ್ಣವನ್ನು. ಪರೀಕ್ಷೆಗೆ ತೆಗೆದುಕೊಂಡ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15ರಲ್ಲಿ ಸಿಕ್ಕಿತ್ತು. ಮಿಠಾಯಿಗೆ ಹಾಕುತ್ತಿದ್ದ ರೋಡಮೈನ್-ಬಿ ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ, ತಿನ್ನುವುದಕ್ಕಲ್ಲ. ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗೂ ಇದೇ ನಿಷೇಧ ಬಂತು.

ಇಲ್ಲಿ ಗ್ರಾಹಕರ ಕೆಲಸವೇನು? ಅಂಗಡಿಯವರು ಬಣ್ಣ ಹಾಕುತ್ತಿದ್ದುದು ಕೆಂಪಗಿದ್ದರೆ ಹೆಚ್ಚು ಮಾರಾಟವಾಗುತ್ತದೆ ಎಂಬ ಕಾರಣಕ್ಕೆ. "ಬಣ್ಣ ಹಾಕದೆ ಕೊಡಿ" ಎಂದು ನಾವು ಗಾಡಿಯ ಮುಂದೆ ನಿಂತು ಕೇಳಿದರೆ ಆ ಕಾರಣವೇ ಹೋಗುತ್ತದೆ. ಗುಬ್ಬಿಯ ಬಸ್ ನಿಲ್ದಾಣದ ಹತ್ತಿರವಾಗಲಿ, ತುಮಕೂರಿನ ಎಂ.ಜಿ. ರಸ್ತೆಯಲ್ಲಾಗಲಿ, ಸಂಜೆ ಬರುವ ಹತ್ತು ಗಿರಾಕಿಗಳಲ್ಲಿ ನಾಲ್ವರು ಹೀಗೆ ಕೇಳಿದರೆ ವ್ಯಾಪಾರಿಗೆ ಅರ್ಥವಾಗುತ್ತದೆ. ಸಣ್ಣ ವ್ಯಾಪಾರಿಯ ಮೇಲೆ ಪ್ರಭಾವ ಬೀರಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಸಿಟ್ಟು ತಪ್ಪು ಕಡೆ ತಿರುಗಿದರೆ?

"ಸೊಸೈಟಿ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ" ಎಂಬ ವಿಡಿಯೊ ನೋಡಿರುತ್ತೀರಿ. ನೀರಿಗೆ ಹಾಕಿದಾಗ ತೇಲುವ ಆ ಕಾಳುಗಳು ಸಾಮಾನ್ಯವಾಗಿ ಸಾರವರ್ಧಿತ ಅಕ್ಕಿಯ ಕಾಳುಗಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ ಕಾಳಿನ ಆಕಾರಕ್ಕೆ ತಂದು, ನೂರು ಕಿಲೋ ಅಕ್ಕಿಗೆ ಒಂದು ಕಿಲೋದಂತೆ ಬೆರೆಸುತ್ತಾರೆ. ರಕ್ತಹೀನತೆ ತಡೆಯಲೆಂದು ಬೆರೆಸಿದ್ದನ್ನು ಪ್ಲಾಸ್ಟಿಕ್ ಎಂದುಕೊಂಡು ಆರಿಸಿ ಎಸೆದರೆ ನಷ್ಟ ಮನೆಯವರಿಗೇ. ಅಂಗಡಿಯವರ ಜೊತೆ ಜಗಳ ಬೇರೆ. ಅದೇ ಅಕ್ಕಿಯನ್ನು ತೂಕದಲ್ಲಿ ಕಡಿಮೆ ಕೊಟ್ಟರೆ ಅದು ನಿಜವಾದ ದೂರು.

ಬಹಿಷ್ಕಾರ ಯಾವಾಗ ಫಲ ಕೊಡುತ್ತದೆ?

ನಮ್ಮ ರಾಜ್ಯದ ದೊಡ್ಡ ಉದಾಹರಣೆ ಹಾಲಿನದು. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು, ಮೊಸರು ಮಾರುವುದಾಗಿ ಪ್ರಕಟಿಸಿದಾಗ ನಂದಿನಿ ಪರ ದೊಡ್ಡ ದನಿ ಎದ್ದಿತು. ನಂದಿನಿಯನ್ನೇ ಬಳಸುತ್ತೇವೆ ಎಂದು ಬೃಹತ್ ಬೆಂಗಳೂರು ಹೋಟೆಲುಗಳ ಸಂಘ ಹೇಳಿತು. ಚುನಾವಣೆ ಹತ್ತಿರವಿದ್ದುದೂ ಆ ದನಿ ಜೋರಾಗಲು ಕಾರಣ. 2025ರ ಜೂನ್‌ನಲ್ಲಿ ಬೆಂಗಳೂರಿನ 10 ಮೆಟ್ರೊ ನಿಲ್ದಾಣಗಳಲ್ಲಿ ಅಮುಲ್ ಮಳಿಗೆಗೆ ಅವಕಾಶ ಸಿಕ್ಕಾಗ ಮತ್ತೆ ವಿರೋಧ ಬಂತು. ಆಗಲೇ ಎರಡು ಮಳಿಗೆ ತೆರೆದಿದ್ದವು. ಉಳಿದ 8 ಕಡೆ ನಂದಿನಿಗೆ ಜಾಗ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ತಿಳಿಸಿದರು.

ಯಾರ ಪರ ನಿಲ್ಲಬೇಕು ಎಂಬುದು ನಿಮಗೆ ಬಿಟ್ಟದ್ದು. ಈ ಒತ್ತಡ ಫಲ ಕೊಟ್ಟಿದ್ದು ಏಕೆ ಎಂಬುದು ನಮ್ಮ ಪ್ರಶ್ನೆ. ಇದಕ್ಕೆ ಮೂರು ಕಾರಣ ಕಾಣುತ್ತವೆ. ಬದಲಿಯಾಗಿ ಕೊಳ್ಳುವ ವಸ್ತು ಪಕ್ಕದಲ್ಲೇ ಇತ್ತು. ದಿನವೂ ಹೆಚ್ಚು ಹಾಲು ಕೊಳ್ಳುವ ಹೋಟೆಲುಗಳು ಒಟ್ಟಿಗೆ ಮಾತಾಡಿದವು. ಬೇಡಿಕೆ ಏನೆಂಬುದು ಸ್ಪಷ್ಟವಿತ್ತು. ಜೊತೆಗೆ ಗುಬ್ಬಿ, ಕುಣಿಗಲ್ ಸೇರಿದಂತೆ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕುವ ಮನೆಗಳ ದುಡಿಮೆ ಅದರಲ್ಲಿತ್ತು. ಈ ಮೂರೂ ಇಲ್ಲದ "ಇದನ್ನು ಬಹಿಷ್ಕರಿಸಿ" ಸಂದೇಶ ವಾರದಲ್ಲಿ ಮರೆತುಹೋಗುತ್ತದೆ.

ಪ್ಯಾಕೆಟ್ ಮೇಲಿನ ಅಂಕಿಯೂ ಅಸ್ತ್ರ

2023ರಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬವರು ಬೋರ್ನ್‌ವಿಟಾದಲ್ಲಿರುವ ಸಕ್ಕರೆ ಬಗ್ಗೆ ವಿಡಿಯೊ ಮಾಡಿದರು. ಕಂಪನಿಯಿಂದ ಲೀಗಲ್ ನೋಟಿಸ್ ಬಂದು ವಿಡಿಯೊ ತೆಗೆದರು. ಆದರೆ ಅಷ್ಟರಲ್ಲಿ ಜನ ಡಬ್ಬದ ಹಿಂಬದಿ ಓದತೊಡಗಿದ್ದರು. ಅದೇ ವರ್ಷದ ಕೊನೆಗೆ ಕಂಪನಿ ಸಕ್ಕರೆ ಪ್ರಮಾಣ ಇಳಿಸಿತು. 2024ರ ಏಪ್ರಿಲ್‌ನಲ್ಲಿ, ಇಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಕೇಂದ್ರ ಸರ್ಕಾರ ಸೂಚಿಸಿತು. "ವಿಷ", "ಸಾವು" ಎಂದು ಬರೆಯುವುದಕ್ಕಿಂತ ಕಂಪನಿಯೇ ಮುದ್ರಿಸಿದ ಅಂಕಿಯನ್ನು ತೋರಿಸುವುದು ಗಟ್ಟಿ. ಅದನ್ನು ಕಂಪನಿ ಅಲ್ಲಗಳೆಯುವಂತಿಲ್ಲ.

ಮೂರು ರೂಪಾಯಿಗೆ ಯಾಕೆ ಜಗಳ?

ಚಂಡೀಗಢದಲ್ಲಿ ಗ್ರಾಹಕರೊಬ್ಬರು ಬಾಟಾ ಅಂಗಡಿ ಕೈಚೀಲಕ್ಕೆ ಮೂರು ರೂಪಾಯಿ ಹಾಕಿದ್ದನ್ನು ಪ್ರಶ್ನಿಸಿ ಗ್ರಾಹಕ ವೇದಿಕೆಗೆ ಹೋದರು. 2019ರಲ್ಲಿ ಅಂಗಡಿಗೆ ಸುಮಾರು 9,000 ರೂಪಾಯಿ ಬಿತ್ತು. ಮೊದಲೇ ತಿಳಿಸದೆ ಬಿಲ್ಲಿಂಗ್ ಹೊತ್ತಿನಲ್ಲಿ ಚೀಲಕ್ಕೆ ದುಡ್ಡು ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು 2020ರ ಡಿಸೆಂಬರ್‌ನಲ್ಲಿ ಇನ್ನೊಂದು ಕಂಪನಿಯ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವೂ ಹೇಳಿತು. ಮೂರು ರೂಪಾಯಿ ಚಿಕ್ಕದು. ಲಕ್ಷ ಗ್ರಾಹಕರಿಂದ ಬಂದರೆ ಮೂರು ಲಕ್ಷ.

ನಮ್ಮ ಕಡೆ ಇದು ನೀರಿನ ಬಾಟಲಿ ವಿಷಯದಲ್ಲಿ ಕಾಣುತ್ತದೆ. ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ಹೆದ್ದಾರಿಯ ಅಂಗಡಿಯಲ್ಲೋ, ತುಮಕೂರು ಬಸ್ ನಿಲ್ದಾಣದಲ್ಲೋ "ಕೂಲಿಂಗ್ ಚಾರ್ಜ್" ಎಂದು ಎಂಆರ್‌ಪಿ ಮೇಲೆ ಕೇಳಿದರೆ ಕೊಡಬೇಕಿಲ್ಲ. 2011ರ ಪೊಟ್ಟಣ ಸಾಮಗ್ರಿಗಳ ನಿಯಮದ ಪ್ರಕಾರ ಅದು ತಪ್ಪು. ಆದರೆ ಕೂತು ತಿನ್ನುವ ಹೋಟೆಲ್, ರೆಸ್ಟೋರೆಂಟ್‌ಗಳು ಬಾಟಲಿ ನೀರಿಗೆ ಹೆಚ್ಚು ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಜಗಳಕ್ಕೆ ಮುನ್ನ ಈ ವ್ಯತ್ಯಾಸ ತಿಳಿದಿರಲಿ.

ದೂರು ಎಲ್ಲಿ, ಹೇಗೆ?

1. ಬಿಲ್ ಕೇಳಿ ಪಡೆಯಿರಿ, ಫೋಟೊ ತೆಗೆದಿಡಿ. ಹೋಟೆಲ್ ಬಿಲ್ಲಿನಲ್ಲಿ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕು.
2. ಮೊದಲು ಅಂಗಡಿಗೋ ಕಂಪನಿಗೋ ಬರಹದಲ್ಲಿ ತಿಳಿಸಿ. ವಾಟ್ಸಾಪ್ ಅಥವಾ ಇಮೇಲ್ ಆದರೂ ಸರಿ. ಕಳಿಸಿದ್ದನ್ನು ಅಳಿಸಬೇಡಿ.
3. ಸರಿಹೋಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಇದು ಕೋರ್ಟ್ ಅಲ್ಲ, ಕಂಪನಿಯೊಂದಿಗೆ ಮಾತಾಡಿ ಬಗೆಹರಿಸುವ ವ್ಯವಸ್ಥೆ.
4. ಆಹಾರದ ದೂರಾದರೆ ಆಹಾರ ಸುರಕ್ಷತಾ ಇಲಾಖೆಗೆ, ತೂಕ ಅಥವಾ ಎಂಆರ್‌ಪಿಯದಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಕೊಡಿ.
5. ಆಗಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಗುಬ್ಬಿ, ಕುಣಿಗಲ್‌ನವರಿಗೂ ಅದು ತುಮಕೂರಿನಲ್ಲೇ. 2019ರ ಕಾಯ್ದೆ ಪ್ರಕಾರ ಕಂಪನಿ ಮುಂಬೈನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ತೊಂದರೆಯಾದ 2 ವರ್ಷದೊಳಗೆ ಕೊಡಬೇಕು. ಇ-ಜಾಗೃತಿ ತಾಣದಲ್ಲಿ ಆನ್‌ಲೈನ್ ಮೂಲಕವೂ ಸಲ್ಲಿಸಬಹುದು.

ಆಯೋಗ ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಇದಕ್ಕಿಂತ ತಡವಾಗುವುದೂ ಉಂಟು. ಆದ್ದರಿಂದ ಎಲ್ಲದಕ್ಕೂ ಆಯೋಗಕ್ಕೆ ಓಡಬೇಕಿಲ್ಲ. ಮೊದಲ ಮೂರು ಹೆಜ್ಜೆಗಳನ್ನು ಸರಿಯಾಗಿ ಇಟ್ಟು ನೋಡಿ.

ಫಾರ್ವರ್ಡ್ ಮಾಡುವ ಮುನ್ನ

ಸಂದೇಶದಲ್ಲಿ ದಿನಾಂಕ, ಸ್ಥಳ ಇದೆಯೇ? ಪರೀಕ್ಷೆ ಮಾಡಿದವರು ಯಾರು? ತಪ್ಪು ಒಂದು ಅಂಗಡಿಯದೋ, ಎಲ್ಲರದೋ? ಓದಿದವರು ಏನು ಮಾಡಬೇಕು ಎಂದು ಹೇಳಿದೆಯೇ? ಈ ನಾಲ್ಕಕ್ಕೆ ಉತ್ತರವಿಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

ಒಟ್ಟಿನಲ್ಲಿ, "ಗ್ರಾಹಕರಿಂದ ಏನೂ ಆಗದು" ಎಂಬುದು ಸುಳ್ಳು. "ಹತ್ತು ಗ್ರೂಪ್‌ಗೆ ಕಳಿಸಿದರೆ ಬದಲಾಗುತ್ತದೆ" ಎಂಬುದೂ ಸುಳ್ಳು. ಫಾರ್ವರ್ಡ್ ಮಾಡಲೇಬೇಕು ಅನಿಸಿದರೆ 1915 ಸಂಖ್ಯೆಯನ್ನು ನಿಮ್ಮ ಮನೆಯ ಗ್ರೂಪ್‌ಗೆ ಕಳಿಸಿ. ನಾಳೆ ಯಾರಿಗಾದರೂ ಬೇಕಾಗುತ್ತದೆ.