ಪಕ್ಷ

ಪಕ್ಷವೆಂಬ ಶಬ್ದದ ಮೊದಲ ಅರ್ಥ ರೆಕ್ಕೆ. ರೆಕ್ಕೆಯುಳ್ಳದ್ದು ಪಕ್ಷಿ, ಅದು ಕನ್ನಡಿಗರ ನಾಲಗೆಯ ಮೇಲೆ ಪಕ್ಕಿಯಾಗಿ, ಪಕಾರವು ಹಕಾರಕ್ಕೆ ತಿರುಗಿದ ಕಾಲದಲ್ಲಿ ಹಕ್ಕಿಯಾಯಿತು. ರೆಕ್ಕೆಗಳು ಮೈಯ ಎರಡು ಮಗ್ಗುಲಿಗೆ ಇರುವುದರಿಂದ ಪಕ್ಷಕ್ಕೆ ಮಗ್ಗುಲೆಂಬ ಅರ್ಥ ಬಂದು, ಅದರ ತದ್ಭವವಾದ ‘ಪಕ್ಕ’ ನಮ್ಮ ಪಕ್ಕದ ಮನೆಯಲ್ಲಿ ನೆಲೆಸಿತು. ಜೋಯಿಸರು ತಿಂಗಳನ್ನು ಎರಡು ಮಗ್ಗುಲಾಗಿ ಸೀಳಿ ಶುಕ್ಲಪಕ್ಷ, ಕೃಷ್ಣಪಕ್ಷ ಎಂದರು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಭಾದ್ರಪದ ಬಹುಳದಲ್ಲಿ ಹಿರಿಯರಿಗೆ ಎಡೆಯಿಡುವ ಆಚರಣೆಗೆ ಪಕ್ಷವೆಂದೇ ಹೆಸರಾಗಿ, ‘ಭಾನುವಾರ ನಮ್ಮನೇಲಿ ಪಕ್ಷ, ಊಟಕ್ಕೆ ಬನ್ನಿ’ ಎಂಬ ಕರೆ ಬಂದರೆ ರಾಜಕೀಯ ಸಭೆಯೆಂದು ಯಾರೂ ಭ್ರಮಿಸುವುದಿಲ್ಲ. ನೋಟೀಸು ‘ತಪ್ಪಿದ ಪಕ್ಷದಲ್ಲಿ’ ಎಂದು ಬೆದರಿಸುತ್ತದೆ. ಕೊಟ್ಟ ಸಾಲ ಮರಳಿ ಬಾರದಾಗ ‘ಕೊನೇ ಪಕ್ಷ ಬಡ್ಡಿಯನ್ನಾದರೂ ಕೊಡಪ್ಪ’ ಎಂದು ನಾವು ಅಂಗಲಾಚುತ್ತೇವೆ. ಇಷ್ಟು ಕಡೆ ಹಾರಿ ಕುಳಿತಿರುವ ಶಬ್ದ ವರ್ತಮಾನಪತ್ರಿಕೆಯನ್ನು ಬಿಡಿಸಿದವನಿಗೆ ಮಾತ್ರ ಒಂದೇ ಅರ್ಥದಲ್ಲಿ ಗೋಚರಿಸುತ್ತದೆ. ಆ ಅರ್ಥವಾದರೋ ಒಂದಾನೊಂದು ಕಾಲಕ್ಕೆ ಶಾಸ್ತ್ರಜ್ಞರು ಅದಕ್ಕೆ ಕೊಟ್ಟಿದ್ದ ಅರ್ಥಕ್ಕೆ ಬೆನ್ನು ತಿರುಗಿಸಿ ನಿಂತಿದೆ.

ತರ್ಕಶಾಸ್ತ್ರದ ಮೊದಲ ಪಾಠ ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಊಹಿಸುವುದು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಪಾಠಶಾಲೆಯ ಜಗಲಿಯಲ್ಲಿ ಕುಳಿತು ಉರುಹೊಡೆದ ವಟುವೂ ಇದನ್ನು ಬಲ್ಲ. ಅಡುಗೆಮನೆಯಲ್ಲಿ ಬೆಂಕಿಯಿರುವುದು ನಿಶ್ಚಿತವಾದ್ದರಿಂದ ಅದು ‘ಸಪಕ್ಷ’. ಮಡುವಿನಲ್ಲಿ ಇಲ್ಲದಿರುವುದು ನಿಶ್ಚಿತವಾದ್ದರಿಂದ ಅದು ‘ವಿಪಕ್ಷ’. ಬೆಂಕಿ ಇದೆಯೋ ಇಲ್ಲವೋ ಎಂಬ ಸಂದೇಹಕ್ಕೆ ಎಡೆಯಾಗಿರುವ ಬೆಟ್ಟವೇ ‘ಪಕ್ಷ’. (ವಿಧಾನಸಭೆಯ ವಿಪಕ್ಷನಾಯಕರಿಗೆ ತಾವು ಶಾಸ್ತ್ರರೀತ್ಯಾ ಮಡುವಿನ ನಾಯಕರೆಂಬುದು ತಿಳಿದರೆ, ಸರಕಾರದ ಮೇಲೆ ತಣ್ಣೀರೆರಚುವುದು ತಮ್ಮ ಧರ್ಮವೇ ಸರಿಯೆಂದು ಸಮರ್ಥಿಸಿಕೊಂಡಾರು.) ಎಂದರೆ, ಎಲ್ಲಿ ವಿಷಯವಿನ್ನೂ ತೀರ್ಮಾನವಾಗಿಲ್ಲವೋ, ಎಲ್ಲಿ ವಿಚಾರಕ್ಕೆ ಅವಕಾಶವುಂಟೋ, ಆ ಸ್ಥಳಕ್ಕೆ ಮಾತ್ರ ಪಕ್ಷವೆಂಬ ಹೆಸರು ಸಲ್ಲುತ್ತಿತ್ತು. ನವ್ಯನೈಯಾಯಿಕರು ಈ ಲಕ್ಷಣವನ್ನು ಒರೆಗೆ ಹಚ್ಚಿ, ಸಂದೇಹವಿಲ್ಲದಿದ್ದರೂ ಸಾಧಿಸಿಯೇ ತೀರಬೇಕೆಂಬ ಇಚ್ಛೆಯಿದ್ದರೆ ಸಾಕೆಂದು ತಿದ್ದಿದರು. ಇಂದಿನ ಪಕ್ಷಗಳಿಗೆ ಈ ತಿದ್ದುಪಡಿಯೇ ಹೆಚ್ಚು ಒಗ್ಗುವಂತಿದೆ.

ಪೂರ್ವಪಕ್ಷವೆಂಬ ಪದ್ಧತಿಯೂ ಶಾಸ್ತ್ರಜ್ಞರ ಲೋಕದ್ದೇ. ವಾದಕ್ಕಿಳಿದವನು ತನ್ನ ಸಿದ್ಧಾಂತವನ್ನು ಹೇಳುವುದಕ್ಕೆ ಮೊದಲು ಎದುರಾಳಿಯ ಮಾತನ್ನು, ಎದುರಾಳಿಯೂ ತಲೆದೂಗುವಷ್ಟು ಸಮರ್ಥವಾಗಿ, ತಾನೇ ಹೇಳಿ ತೋರಿಸಬೇಕು. ವಿಜಯನಗರದ ವ್ಯಾಸತೀರ್ಥರು ನ್ಯಾಯಾಮೃತದಲ್ಲಿ ಅದ್ವೈತವನ್ನು ಹಾಗೆ ಕೂಲಂಕಷವಾಗಿ ಹೇಳಿ ಖಂಡಿಸಿದರು; ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನು ಬರೆದು ಆ ಗ್ರಂಥಕ್ಕೆ ಹೆಜ್ಜೆಹೆಜ್ಜೆಗೂ ಉತ್ತರ ಕೊಟ್ಟರು; ವ್ಯಾಸರಾಮಾಚಾರ್ಯರು ಆ ಉತ್ತರವನ್ನು ಖಂಡಿಸುವುದಕ್ಕಾಗಿ ಅದನ್ನು ಮಧುಸೂದನರ ಬಳಿಯಲ್ಲಿಯೇ ಶಿಷ್ಯವೃತ್ತಿಯಿಂದ ಓದಿದರೆಂದು ಐತಿಹ್ಯ. ಹಾಗೆಂದು ಆ ಕಾಲವನ್ನು ಕೊಂಡಾಡಿ ಮುಗಿಸುವಂತಿಲ್ಲ. ಚಾರ್ವಾಕರ ಸ್ವಂತ ಸೂತ್ರಗ್ರಂಥ ಉಳಿಯದೆ, ಅವರ ಮತ ನಮಗೆ ದೊರೆಯುವುದು ಬಹುಮಟ್ಟಿಗೆ ಅವರನ್ನು ಖಂಡಿಸಿದವರ ಪೂರ್ವಪಕ್ಷಗಳಿಂದ. ಆ ಚಿತ್ರ ಎಷ್ಟು ಯಥಾರ್ಥವೆಂದು ಹೇಳಲು ಚಾರ್ವಾಕನೊಬ್ಬನೂ ಉಳಿದಿಲ್ಲ. ಸಂಸ್ಕೃತ ವಿದ್ವತ್ಸಭೆಯ ಬಾಗಿಲಂತೂ ಊರಿನ ಬಹುಜನರಿಗೆ ಮುಚ್ಚಿಯೇ ಇತ್ತು.

ಆ ಬಾಗಿಲಿನಿಂದಾಚೆ, ಸಾಮಾನ್ಯರ ನಡುವೆ, ಪೂರ್ವಪಕ್ಷದ ರಸವನ್ನು ಉಳಿಸಿಕೊಂಡು ಬಂದದ್ದು ಕರಾವಳಿ ಮಲೆನಾಡುಗಳ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಪಂಚೆಯುಟ್ಟು ಶಾಲು ಹೊದೆದ ಅರ್ಥಧಾರಿಗಳು ಎದುರುಬದುರು ಕುಳಿತಿರುತ್ತಾರೆ, ಭಾಗವತರು ಒಂದು ಪದ ಹಾಡಿ ನಿಲ್ಲಿಸಿದರೆಂದರೆ ಅದರ ಅರ್ಥವನ್ನು ಸ್ಥಳದಲ್ಲಿಯೇ ಹುಟ್ಟಿಸಿ ಬೆಳೆಸುವ ಹೊಣೆ ಅವರದು. ವಾಲಿವಧೆಯ ಪ್ರಸಂಗವಾದರೆ, ಎದೆಗೆ ಬಾಣ ನೆಟ್ಟು ಬಿದ್ದ ವಾಲಿ ಸಾಯುವ ಮೊದಲು ರಾಮನನ್ನು ವಿಚಾರಣೆಗೆ ನಿಲ್ಲಿಸುತ್ತಾನೆ. ಕಪಿಯೆಂದು ಬೇಟೆಯಾಡಿದೆಯಾದರೆ ನನ್ನ ನಡತೆಯ ಧರ್ಮಾಧರ್ಮಗಳ ಮಾತು ನಿನಗೇಕೆ? ಧರ್ಮಕ್ಕೆ ಬದ್ಧನೆಂದು ದಂಡಿಸಿದೆಯಾದರೆ ಎದುರಿಗೆ ಬಾರದೆ ಮರದ ಮರೆಯಲ್ಲೇಕೆ ನಿಂತೆ? ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಂದಿಗೂ ಅದರ ಸ್ಮರಣೆಯಲ್ಲಿ ಮೈಮರೆಯುತ್ತಾರೆ. ಇದೆಲ್ಲ ನಡೆಯುವುದು ಎಷ್ಟೋ ವೇಳೆ ದೇವಸ್ಥಾನದ ಅಂಗಳದಲ್ಲಿ. ಕೇಳುವವರು ರಾಮನಿಗೆ ಕೈಮುಗಿದು ಬಂದು ಕುಳಿತ ಆಸ್ತಿಕರು. ಆದರೂ ವಾಲಿಯ ಪ್ರಶ್ನೆ ನಾಟಿದಾಗ ‘ಹೌದಲ್ಲ’ ಎಂದು ಅವರ ತಲೆ ತೂಗುತ್ತದೆ. ರಾಮನ ಅರ್ಥ ಹೇಳುವವರು ಉತ್ತರ ತೋಚದೆ ತಡವರಿಸಿದರೆ, ದೇವರ ಪಾತ್ರವೆಂದು ಸಭೆ ರಿಯಾಯಿತಿ ಕೊಡುವುದಿಲ್ಲ. ಇಂದು ವಾಲಿಯಾದವರು ನಾಳೆ ಇನ್ನೊಂದು ಕೂಟದಲ್ಲಿ ರಾಮನಾಗಿ ಕುಳಿತು, ತಮ್ಮದೇ ಪ್ರಶ್ನೆಗಳಿಗೆ ತಾವೇ ಉತ್ತರ ಹುಡುಕುವುದೂ ಉಂಟು.

ಹಾಗೆ ಮಗ್ಗುಲು ಬದಲಿಸುವುದನ್ನು ರಾಜಕೀಯದಲ್ಲಿ ಪಕ್ಷಾಂತರವೆನ್ನುತ್ತಾರೆ. ಪಾಪದ ಶಬ್ದ! ವ್ಯಾಖ್ಯಾನಕಾರರ ಕೈಯಲ್ಲಿದ್ದಾಗ ಅದರ ಬಾಳು ಎಷ್ಟು ಗೌರವದ್ದಾಗಿತ್ತು. ಒಂದು ವಾಕ್ಯಕ್ಕೆ ಒಂದರ್ಥವನ್ನು ಹೇಳಿ, ‘ಪಕ್ಷಾಂತರದಲ್ಲಿ’ ಎಂದು ಮತ್ತೊಂದನ್ನೂ ಮುಂದಿಡುವುದು ಪಾಂಡಿತ್ಯದ ಔದಾರ್ಯವೆನಿಸಿತ್ತು. 1967ರಲ್ಲಿ ಹರಿಯಾಣದ ಶಾಸಕ ಗಯಾಲಾಲ್ ಒಂದು ಪಕ್ಷದಷ್ಟು ಕಾಲದಲ್ಲಿ ಮೂರು ಸಲ ಪಕ್ಷ ಬದಲಿಸಿದ ಮೇಲೆ ಆ ಗೌರವ ಉಳಿಯುವುದು ಕಷ್ಟವಾಯಿತು. 1985ರಲ್ಲಿ ಸಂವಿಧಾನದ 52ನೆಯ ತಿದ್ದುಪಡಿ ಬಂದು, ಪಕ್ಷದ ಆದೇಶವನ್ನು ಮೀರಿ ಸದನದಲ್ಲಿ ಮತ ಹಾಕಿದವನು, ಮತ ಹಾಕದೆ ದೂರ ಉಳಿದವನು, ಸದಸ್ಯತ್ವವನ್ನೇ ಕಳೆದುಕೊಳ್ಳುವಂತಾಯಿತು. ಕುದುರೆವ್ಯಾಪಾರವನ್ನು ತಡೆಯಬೇಕೆಂಬ ಉದ್ದೇಶವನ್ನು ಹಳಿಯುವವನು ನಾನಲ್ಲ. ಆದರೆ ಒಬ್ಬನು ಮನಸ್ಸು ಬದಲಿಸಿದರೆ ಅಪರಾಧ, ಪಕ್ಷದ ಮೂರನೆಯ ಒಂದು ಭಾಗ ಒಟ್ಟಾಗಿ ಹೊರಟರೆ ನಿರಪರಾಧ ಎಂಬ ವಿಚಿತ್ರನ್ಯಾಯ 2003ರವರೆಗೂ ನಡೆಯಿತು; ಮೂರನೆಯ ಎರಡು ಭಾಗ ಸೇರಿ ಬೇರೆ ಪಕ್ಷದಲ್ಲಿ ವಿಲೀನವಾಗುವುದಕ್ಕೆ ಇಂದಿಗೂ ಅಡ್ಡಿಯಿಲ್ಲ. 2019ರಲ್ಲಿ ನಮ್ಮ ವಿಧಾನಸಭೆಯ 17 ಶಾಸಕರು ಅನರ್ಹರಾದಾಗ, ಅವರು ಬಿಟ್ಟುಹೋದದ್ದು ಯಾವ ತತ್ತ್ವವನ್ನೆಂದು ಯಾರೂ ಕೇಳಲಿಲ್ಲ. ಕೇಳಬಹುದಾಗಿತ್ತೆಂಬುದೂ ನಮಗೆ ಮರೆತುಹೋದಂತಿದೆ.

ಮರೆಯದಿದ್ದ ಕಾಲವೊಂದಿತ್ತು. 1955ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯನ್ನು ಕುರಿತ ಫಜಲ್ ಅಲಿ ಆಯೋಗದ ವರದಿ ಬಂದು ಕನ್ನಡನಾಡು ಒಂದಾಗಬೇಕೆ ಎಂಬ ಪ್ರಶ್ನೆ ಮೈಸೂರಿನ ಶಾಸನಸಭೆಯ ಮುಂದೆ ನಿಂತಾಗ, ಕಾಂಗ್ರೆಸ್ಸಿನೊಳಗೇ ಎರಡು ಮಗ್ಗುಲುಗಳಿದ್ದವು. ಮುಂದುವರಿದ ಮೈಸೂರಿನ ಹಣ ಹಿಂದುಳಿದ ಉತ್ತರಭಾಗಗಳಿಗೆ ಹರಿದುಹೋದೀತು, ಅಧಿಕಾರ ಕೈಜಾರೀತು ಎಂದು ಆಡಳಿತಪಕ್ಷದ ಸದಸ್ಯರೇ ಬಹಿರಂಗವಾಗಿ ವಿರೋಧಿಸಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರವಾಗಿ ವಾದಿಸಿದರು. ವಿರೋಧಿಸಿದವರನ್ನು ಕನ್ನಡದ್ರೋಹಿಗಳೆಂದು ಕರೆದು ಮುಗಿಸಿಬಿಡುವುದು ಇಂದು ನಮಗೆ ಸುಲಭ. ಅವರ ಅಂಜಿಕೆ ಕ್ಷುದ್ರವಾಗಿತ್ತೆಂದೇ ನನ್ನ ಮತವಾದರೂ, ಅದು ಬಾಯಿಬಿಟ್ಟು ಆಡಿದ ಅಂಜಿಕೆಯಾದ್ದರಿಂದ ಅದಕ್ಕೆ ಉತ್ತರ ಕೊಡುವುದು ಸಾಧ್ಯವಾಯಿತು. ಹನುಮಂತಯ್ಯನವರು ಮಾತ್ರ ರಾಜ್ಯೋದಯವನ್ನು ಮುಖ್ಯಮಂತ್ರಿಯಾಗಿ ನೋಡಲಿಲ್ಲ. 1956ರ ಆಗಸ್ಟಿನಲ್ಲಿಯೇ ಅಧಿಕಾರ ಬಿಡಬೇಕಾಯಿತು.

ಈಗ ಯಾವ ಪ್ರಶ್ನೆಯನ್ನೆತ್ತಿದರೂ ಬೆಟ್ಟಕ್ಕೆ ಮೊದಲೇ ಬಣ್ಣ ಬಳಿದಿರುತ್ತದೆ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡತೊಡಗಿದಾಗ ವಿಚಾರ ಮಾಡುವುದಕ್ಕೆ ಎಷ್ಟೋ ಇತ್ತು: ಮಕ್ಕಳ ಅಪೌಷ್ಟಿಕತೆ ಎಷ್ಟು, ಮೊಟ್ಟೆ ತಿನ್ನದ ಮಗುವಿಗೆ ಕೊಡುವ ಬಾಳೆಹಣ್ಣು ಅದಕ್ಕೆ ಸಮನಾದೀತೆ, ಒಂದೇ ಪಂಕ್ತಿಯಲ್ಲಿ ಎರಡು ಬಗೆಯ ತಟ್ಟೆಗಳಿದ್ದರೆ ಮಕ್ಕಳು ಏನೆಂದುಕೊಂಡಾರು. ಇವುಗಳಲ್ಲಿ ಒಂದನ್ನಾದರೂ ಸಾವಧಾನವಾಗಿ ಕೇಳಹೊರಟವನನ್ನು ಅರ್ಧಕ್ಕೇ ತಡೆದು ‘ಅದಿರಲಿ ಸ್ವಾಮಿ, ಮೊದಲು ನಿಮ್ಮದು ಯಾವ ಪಕ್ಷ ಹೇಳಿ’ ಎನ್ನುತ್ತಾರೆ. ಪಕ್ಷೇತರನೆಂದರೆ ನಗುತ್ತಾರೆ; ಫಲಿತಾಂಶ ಅತಂತ್ರವಾದ ಸಂಜೆ ಪಕ್ಷೇತರರಿಗೆ ಎಷ್ಟು ಬೆಲೆಯೇರುತ್ತದೆಂಬುದನ್ನು ಅವರೂ ಕಂಡವರೇ.